ಪೈಲಟಮ್ಮನ ರೆಸ್ಯೂಮೆಗೊಂದು ಬಿನ್ನವತ್ತಳೆ

ಕಚೇರಿಯಲ್ಲಿ ಯಾರು ನಿವೃತ್ತರಾದರೂ ಅವರ ಕಣ್ಣಲ್ಲಿ ನೀರು ತರಿಸುವ ಗುತ್ತಿಗೆ ಹೆಡ್‌ಕ್ಲರ್ಕರದ್ದು. ಇಪ್ಪತ್ತೆರಡು ವರ್ಷಗಳಿಂದ ಅಲ್ಲಿನ ಬೀಳ್ಕೊಡುಗೆಯ ಬಿನ್ನವತ್ತಳೆಗಳೆಲ್ಲ ಅವರ ಲೇಖನಿಯಿಂದಲೇ ಇಳಿದವು. ಒಂದು ಫೈಲನ್ನೂ ಮೇಜಿನಿಂದ ಮೇಜಿಗೆ ದಾಟಿಸದವರು ಅವರ ಕೈಯಲ್ಲಿ 'ಕಾಯಕದ ಮೇರುಪರ್ವತ'ವಾಗಿದ್ದಾರೆ. ಬಾಗಿಲಲ್ಲಿ ಕೂತು ಮೂವತ್ತು ವರ್ಷ ತೂಕಡಿಸಿದವರು 'ಎವೆಯಿಕ್ಕದ ದ್ವಾರಪಾಲಕ'ರಾಗಿದ್ದಾರೆ. (ಎವೆ ತೆರೆದೇ ಇರಲಿಲ್ಲ, ಇಕ್ಕುವುದೆಲ್ಲಿ ಬಂತು!) ಹೀಗಾಗಿ ಸಹೋದ್ಯೋಗಿಗಳು ಅವರ ಹೆಸರನ್ನೇ ಮರೆತು 'ಬಿನ್ನವತ್ತಳೆ ಸಾಹೇಬರು' ಎಂದು ಕರೆಯುತ್ತಿದ್ದರು.

ಇಂಥವರ ಕೈಹಿಡಿದ ಹೆಂಡತಿ ಕೆಲಸಕ್ಕೆಂದು ರೆಸ್ಯೂಮೆ ಬರೆಯುವಾಗ, ಪಕ್ಕದಲ್ಲೇ ಇರುವ ಗಂಡನನ್ನು ಒಂದು ವಿಶೇಷಣವನ್ನೂ ಕೇಳದೆ, ಊಟದ ಮೇಜಿನ ಮೇಲೆ ತಾನೇ ಟಪಟಪ ಟೈಪು ಮಾಡತೊಡಗಿದರೆ ಹೊಟ್ಟೆ ಉರಿಯದೆ ಇರುತ್ತದೆಯೇ?

ಹೆಂಡತಿ ಪೈಲಟ್. ಹೌದು, ವಿಮಾನದ್ದೇ. ಮೇಲಿಂದ ನೆಲದ ಫೋಟೊ ತೆಗೆಯುವ ಪುಟ್ಟ ವಿಮಾನವನ್ನು ಹದಿನಾಲ್ಕು ವರ್ಷ ಹಾರಿಸಿದವಳು. ಬೀದಿಯವರೆಲ್ಲ ಅವಳನ್ನು ಪೈಲಟಮ್ಮ ಎನ್ನುತ್ತಾರೆ. ಸಾಹೇಬರನ್ನು 'ಪೈಲಟಮ್ಮನ ಯಜಮಾನರು' ಎನ್ನುತ್ತಾರೆ. 'ಯಜಮಾನರು' ಎನ್ನುವಾಗ ಮಾತ್ರ ಯಾಕೋ ತುಸು ನಗುತ್ತಾರೆ. ನಗಲು ಕಾರಣವಿದೆ. ಬಲ್ಬು ಹೋದರೆ ಸ್ಟೂಲು ಹತ್ತುವವಳು ಅವಳು, ಸ್ಟೂಲು ಹಿಡಿಯುವವರು ಇವರು. ಎರಡನೇ ಮೆಟ್ಟಿಲಿಗೇ ಇವರಿಗೆ ತಲೆ ಗಿರ್ರೆನ್ನುತ್ತದೆ. ಇನ್ನು ಇವರು ಕಾರು ಓಡಿಸಲು ಕಲಿತ ಪ್ರಸಂಗವನ್ನಂತೂ ಮನೆಯಲ್ಲಿ ಯಾರೂ ಎತ್ತಕೂಡದೆಂದು ಅಲಿಖಿತ ಒಪ್ಪಂದವೇ ಇದೆ.

ಫೋಟೊ ವಿಮಾನದ ಕೆಲಸವೆಂದರೆ ತಿಂಗಳಲ್ಲಿ ಹತ್ತು ದಿನ ಮನೆ, ಇಪ್ಪತ್ತು ದಿನ ಮುಗಿಲು. ಮಗಳಿಗೆ ಹದಿನಾಲ್ಕು ತುಂಬಿತು. ಮೂವರೂ ಒಟ್ಟಿಗೆ ಊಟಕ್ಕೆ ಕೂತ ದಿನಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಈಗ ಊರಂಚಿನ ಫ್ಲೈಯಿಂಗ್ ಕ್ಲಬ್ಬಿಗೆ ಒಬ್ಬರು, ಒಬ್ಬರೇ ಒಬ್ಬರು, ತರಬೇತುದಾರರು ಬೇಕಾಗಿದ್ದರು. ಬೆಳಿಗ್ಗೆ ಹಾರಿ ಸಂಜೆ ಮನೆಗಿಳಿಯುವ ಕೆಲಸ. ಪೈಲಟಮ್ಮ ಹೋದ ತಿಂಗಳಷ್ಟೇ ತರಬೇತುದಾರರ ಪರೀಕ್ಷೆ ಪಾಸು ಮಾಡಿದ್ದಳು. ಅರ್ಜಿಗೆ ಕೊನೆಯ ಗಡುವು ಆ ಶನಿವಾರ ಸಂಜೆ ಐದು ಗಂಟೆ.

"ಎಷ್ಟು ಪುಟ ಆಯ್ತು?" ಎಂದು ಸಾಹೇಬರು ಅವಳ ಹೆಗಲ ಮೇಲಿಂದ ಇಣುಕಿದರು.

"ಒಂದು."

"ಬರೀ ಪೀಠಿಕೆನೇ ಒಂದಾ? ಭೇಷ್!"

"ಪೀಠಿಕೆ ಅಲ್ಲಾರೀ, ಪೂರ್ತಿ ಒಂದೇ ಪುಟ. ಹಾರಿದ ಗಂಟೆ, ಲೈಸೆನ್ಸು, ಯಾವ್ಯಾವ ವಿಮಾನ, ವೈದ್ಯರ ಸರ್ಟಿಫಿಕೇಟು. ಅಷ್ಟೇ. ಅವರಿಗೆ ಓದೋಕೆ ಅರ್ಧ ನಿಮಿಷ ಇರುತ್ತೆ."

ಸಾಹೇಬರು ಓದಿದರು. 'ಒಟ್ಟು ಹಾರಾಟ: 3,180 ಗಂಟೆ. ಅಪಘಾತ: ಇಲ್ಲ.' ಒಂದು ಉಪಮೆ ಇಲ್ಲ, ರೂಪಕ ಇಲ್ಲ! ಕಿರಾಣಿ ಅಂಗಡಿಯ ಚೀಟಿಗೂ ಇದಕ್ಕಿಂತ ರಸವಿರುತ್ತದೆ. ಮುಂದೆ ಓದಲಾರದೆ ಕನ್ನಡಕ ತೆಗೆದರು.

"ಲೇ, ಕಲಿಸಿದ ಅನುಭವ ಕಡ್ಡಾಯ ಅಂತ ಜಾಹೀರಾತಲ್ಲಿದೆ. ನೀನು ಯಾರಿಗೆ ಏನು ಕಲಿಸಿದ್ದೀಯಾ?"

"ಅದಕ್ಕೊಂದು ಸಾಲು ಬರೀತೀನಿ ಬಿಡಿ," ಎಂದು ಅವಳು ಕಂಪ್ಯೂಟರನ್ನು ಆಚೆ ತಿರುಗಿಸಿಕೊಂಡಳು.

"ಒಂದು ಸಾಲಂತೆ! ಖಾಲಿ ಜಾಗ ಇರೋ ಕಡೆ ಭಾಷೆ ಹಾಸಬೇಕು ಕಣೇ. ಅರ್ಧ ಗಂಟೆ ಕೊಡು."

ಅರ್ಧ ಗಂಟೆ ಅಲ್ಲ, ಒಂದೂವರೆ ಗಂಟೆ ಕೋಣೆಯ ಬಾಗಿಲು ಹಾಕಿಕೊಂಡು, ಮೂರು ಪುಟ ಬರೆದು, ಹೊರಗೆ ಬಂದು, ಗಂಟಲು ಸರಿಮಾಡಿಕೊಂಡು ನಿಂತೇ ಓದಿದರು. "ಗಗನವೆಂಬ ಅಂಗಳದಲ್ಲಿ ರಂಗೋಲಿಯಿಟ್ಟ ಮಹನೀಯರೇ! ಮೋಡಗಳ ಮುಸುಕು ಸರಿಸಿ ಸೂರ್ಯನಿಗೇ ದಾರಿ ತೋರಿದ ತಾವು ಇಂದು ನಮ್ಮನ್ನಗಲುತ್ತಿರುವ ಈ ಗಳಿಗೆಯಲ್ಲಿ ನಮ್ಮ ಕಂಠ ಬಿಗಿದಿದೆ..."

"ರೀ, ಇದು ಕೆಲಸ ಕೇಳೋ ಅರ್ಜಿನಾ, ನನ್ನನ್ನ ಕಳಿಸಿಕೊಡೋ ಸಮಾರಂಭನಾ?"

"ಪೂರ್ತಿ ಕೇಳು. ಕೊನೆ ಸಾಲು ಕೇಳಿದ್ರೆ ಅತ್ತುಬಿಡ್ತೀಯ. 'ತಮ್ಮ ವಿಶ್ರಾಂತ ಜೀವನ ಸುಖಮಯವಾಗಿರಲಿ ಎಂದು ಹಾರೈಸುವ...'" ಇಲ್ಲಿ ಸಾಹೇಬರಿಗೇ ಅನುಮಾನ ಬಂದು ನಿಲ್ಲಿಸಿದರು.

ಮಗಳು ಸೋಫಾದ ಮೇಲೆ ಹೊರಳಾಡಿ ನಗುತ್ತಿದ್ದಳು. "ಅಪ್ಪಾ, ಹೂವಿನ ಹಾರ ಎಲ್ಲಿ? ಹಾರೋರಿಗೆ ಹಾರ ಬೇಡ್ವಾ?"

"ನೋಡ್ರೀ," ಎಂದಳು ಪೈಲಟಮ್ಮ, ನಗು ತಡೆದು. "ನಾನೀಗ ವೈದ್ಯರ ಹತ್ರ ಹೋಗಿ ಸರ್ಟಿಫಿಕೇಟ್ ತರಬೇಕು. ಬರೋದು ಐದು ದಾಟುತ್ತೆ. ನಾನು ಅಲ್ಲಿಂದ ಅದರ ಫೋಟೊ ಕಳಿಸಿದ ತಕ್ಷಣ ನನ್ನ ಒಂದು ಪುಟದ ಜೊತೆ ಸೇರಿಸಿ ಕ್ಲಬ್ಬಿಗೆ ಕಳಿಸಿಬಿಡಿ. ಒಂದು ಪುಟ. ನನ್ನದು. ತಿಳೀತಾ?"

"ನನಗೇನು ಅಷ್ಟೂ ತಿಳಿಯಲ್ವಾ?"

ತಿಳಿದಿತ್ತು. ಆದರೆ ನಾಲ್ಕೂ ಐವತ್ತಕ್ಕೆ ಕಂಪ್ಯೂಟರಿನ ಮುಂದೆ ಒಬ್ಬರೇ ಕೂತಾಗ ಕೈ ತಡೆಯಲಿಲ್ಲ. ಆ ಬಡಕಲು ಪುಟವನ್ನು ಬರಿಮೈಯಲ್ಲಿ ಬೀದಿಗೆ ಕಳಿಸುವುದೆಂದರೇನು? ಅವಳಿಗೆ ಕೆಲಸ ಸಿಗದೆ ಮತ್ತೆ ಇಪ್ಪತ್ತು ದಿನ ಮುಗಿಲಿಗೆ ಹೋದರೆ, ಆ ಪಾಪ ಯಾರ ತಲೆಗೆ? 'ವಿಶ್ರಾಂತ ಜೀವನ'ದ ಸಾಲನ್ನು ಜಾಣತನದಿಂದ ಅಳಿಸಿ, ಮೂರು ಪುಟಗಳನ್ನೂ ಜೊತೆಗೆ ಅಂಟಿಸಿ, ಕಳಿಸಿಯೇಬಿಟ್ಟರು. ಅಳಿಸಿದ್ದು ಅದೊಂದನ್ನೇ.

ಸೋಮವಾರ ಬೆಳಿಗ್ಗೆ ಫೋನು ಬಂತು. ಪೈಲಟಮ್ಮ ಸ್ನಾನದಲ್ಲಿದ್ದಳು. ಸಾಹೇಬರೇ ಎತ್ತಿದರು.

"ಫ್ಲೈಯಿಂಗ್ ಕ್ಲಬ್ಬಿಂದ ಮಾತಾಡ್ತಿರೋದು, ಮುಖ್ಯ ತರಬೇತುದಾರಳು," ಎಂದಿತು ಒಂದು ಗಡಸು ಹೆಂಗಸಿನ ದನಿ. ಆಮೇಲೆ ಯಾಕೋ ಮೆತ್ತಗಾಯಿತು. "ನಿಮ್ಮ ಮನೆಯವರು... ಇದ್ದಾರಾ?"

"ಬಚ್ಚಲಲ್ಲಿದ್ದಾರೆ."

"ಅಬ್ಬ! ಇದ್ದಾರೆ ತಾನೇ? ನಮ್ಮನ್ನಗಲುತ್ತಿರುವ ಗಳಿಗೆ, ಕಂಠ ಬಿಗಿದಿದೆ ಅಂತೆಲ್ಲ ಓದಿ ನಾವು ಹೆದರಿಬಿಟ್ವಿ. ಆಫೀಸಲ್ಲಿ ಇಬ್ಬರು ಎದ್ದು ನಿಂತಿದ್ರು."

ಅಷ್ಟರಲ್ಲಿ ತಲೆಗೆ ಟವೆಲು ಸುತ್ತಿಕೊಂಡು ಬಂದ ಪೈಲಟಮ್ಮ ಫೋನು ಕಿತ್ತುಕೊಂಡು, ಸ್ಪೀಕರಿಗೆ ಹಾಕಿ, ಗಂಡನನ್ನು ದುರುಗುಟ್ಟಿ ನೋಡಿದಳು. ಆ ನೋಟಕ್ಕೆ ಸಾಹೇಬರು ಸ್ಟೂಲಿಲ್ಲದೆಯೇ ತಲೆ ತಿರುಗಿ ಕುರ್ಚಿಯಲ್ಲಿ ಕುಸಿದರು. ಹೋಯಿತು ಕೆಲಸ. ಹೋಯಿತು ರಾತ್ರಿಯೂಟ. ತಮ್ಮ ಕೈಯಾರೆ ಹೆಂಡತಿಯನ್ನು ಬೀಳ್ಕೊಟ್ಟಿದ್ದರು.

"ಕ್ಷಮಿಸಿ ಮೇಡಂ, ಆ ಮೂರು ಪುಟ ನನ್ನದಲ್ಲ," ಎಂದಳು ಪೈಲಟಮ್ಮ.

"ಗೊತ್ತಾಯ್ತು. ನಿಮ್ಮದು ಆ ಒಂದು ಪುಟ. ಅದರ ಕೊನೆ ಸಾಲು ನಿಜಾನಾ? ಓದ್ತೀನಿ ಕೇಳಿ. 'ಕಲಿಸಿದ ಅನುಭವ: ಒಬ್ಬ ವಿದ್ಯಾರ್ಥಿಗೆ ಕಾರು ಚಾಲನೆ, ಮೂರು ವರ್ಷ. ಪರೀಕ್ಷೆಯಲ್ಲಿ ಆರು ಸಲ ಫೇಲು, ಏಳನೆಯದರಲ್ಲಿ ಪಾಸು. ಒಮ್ಮೆಯೂ ದನಿ ಏರಿಸಿಲ್ಲ. ಕಾರು ಇಂದಿಗೂ ಓಡುತ್ತಿದೆ. ವಿದ್ಯಾರ್ಥಿಯ ಜೊತೆಗಿನ ಸಂಸಾರವೂ.'"

ಸಾಹೇಬರ ಕಿವಿ ಕೆಂಪಾಯಿತು. ಅಲಿಖಿತ ಒಪ್ಪಂದವನ್ನು ಲಿಖಿತವಾಗಿಯೇ ಮುರಿದಿದ್ದಳು! ಅದೂ ತಾವೇ ಕೈಯಾರೆ ಕಳಿಸಿದ ಪುಟದಲ್ಲಿ. ಪೂರ್ತಿ ಓದಿದ್ದರೆ ತಿಳಿಯುತ್ತಿತ್ತು.

"ನಿಜ ಮೇಡಂ. ಪ್ರತಿಯೊಂದಕ್ಷರ."

"ಸಾಲು ಓದಿದಾಗ ಉತ್ಪ್ರೇಕ್ಷೆ ಅಂದ್ಕೊಂಡೆ. ಆಮೇಲೆ ಆ ಮೂರು ಪುಟ ಓದಿದೆ, ಬರೆದವರು ನಿಮ್ಮ ಯಜಮಾನ್ರೇ ಇರಬೇಕು ಅನ್ನಿಸ್ತು. ಒಂದು ಪುಟ ಸಾಕು ಅಂತ ನೀವು ಎಷ್ಟು ಸಲ ಹೇಳಿರ್ತೀರಿ ಅಂತ ಊಹಿಸಿದೆ. ಇಂಥವರಿಗೇ ಕಲಿಸಿದ್ದೀರಿ ಅಂದ್ರೆ..." ಆ ಕಡೆಯಿಂದ ಕೆಮ್ಮೋ ನಗುವೋ ಕೇಳಿಸಿತು. "ಸಂದರ್ಶನದಲ್ಲಿ ಸಾಮಾನ್ಯವಾಗಿ ನಾನೇ ದಡ್ಡ ವಿದ್ಯಾರ್ಥಿ ಥರ ನಟಿಸ್ತೀನಿ, ಬಂದವರು ನನಗೆ ಪಾಠ ಮಾಡಬೇಕು. ಆದ್ರೆ ಎಷ್ಟಾದ್ರೂ ಅದು ನಟನೆ. ನಾಳೆ ನೀವು ನಿಮ್ಮ ವಿದ್ಯಾರ್ಥೀನೇ ಕರ್ಕೊಂಡು ಬನ್ನಿ."

"ನಾನಾ? ನನಗೆ ಎರಡನೇ ಮೆಟ್ಟಿಲಿಗೇ..." ಎಂದು ಸಾಹೇಬರು ಬಾಯಿ ತೆರೆದರು.

"ಬರ್ತಾರೆ ಮೇಡಂ," ಎಂದು ಪೈಲಟಮ್ಮ ಫೋನಿಟ್ಟಳು. ಅಷ್ಟು ಸಿಹಿಯಾಗಿ ಅವಳು ನಕ್ಕದ್ದನ್ನು ಅವರು ಮದುವೆಯ ದಿನವೂ ನೋಡಿರಲಿಲ್ಲ.

ಮರುದಿನ ಕ್ಲಬ್ಬಿನ ಪುಟ್ಟ ವಿಮಾನದ ಮುಂದಿನ ಎಡಸೀಟಿನಲ್ಲಿ ಸಾಹೇಬರನ್ನು ತುರುಕಿ ಬೆಲ್ಟು ಬಿಗಿದರು. ಬಲಕ್ಕೆ ಹೆಂಡತಿ, ಹಿಂದೆ ಮುಖ್ಯ ತರಬೇತುದಾರಳು ಮತ್ತು ಆಕೆಯ ನೋಟ್‌ಬುಕ್ಕು. ನೆಲ ಬಿಟ್ಟಾಗ ಅವರು ಕಣ್ಣು ಮುಚ್ಚಿದ್ದರು. ತೆರೆದಾಗ ಮನೆಗಳೆಲ್ಲ ಬೆಂಕಿಪೊಟ್ಟಣಗಳಾಗಿದ್ದವು. ತಮ್ಮ ಕಚೇರಿ ಅಲ್ಲೆಲ್ಲೋ ಒಂದು ಅಂಚೆಚೀಟಿ.

"ಈಗ ನೀವು ಹಿಡೀರಿ," ಎಂದಳು ಹೆಂಡತಿ.

ಹಿಡಿದರು. ಮುಳುಗುವವನು ಹಗ್ಗ ಹಿಡಿದಂತೆ ಹಿಡಿದರು. ವಿಮಾನ ಕುಡುಕನಂತೆ ಅತ್ತಿತ್ತ ವಾಲಿತು. "ಅಯ್ಯಯ್ಯೋ! ನೀನೇ ಹಿಡಿಯೇ, ನಿನ್ನ ದಮ್ಮಯ್ಯ!"

ಅವಳು ಹಿಡಿಯಲಿಲ್ಲ. ಕೈಗಳನ್ನು ತೊಡೆಯ ಮೇಲೇ ಇಟ್ಟುಕೊಂಡು, ಕಾರು ಕಲಿಸಿದಾಗಿನ ಅದೇ ತಣ್ಣನೆಯ ದನಿಯಲ್ಲಿ ಹೇಳಿದಳು: "ಏನೂ ಆಗಲ್ಲಾರೀ, ನಾನಿದ್ದೀನಿ. ಮುಷ್ಟಿ ಸಡಿಲ ಮಾಡಿ. ಪೆನ್ನು ಹಿಡೀತೀರಲ್ಲ, ಹಾಗೆ ಬೆರಳ ತುದೀಲಿ ಹಿಡೀರಿ. ಪೆನ್ನು ಹಿಡಿದಾಗ ನಿಮಗೆ ಯಾರ ಭಯಾನೂ ಇರಲ್ಲ. ನನ್ನದೂ ಸಹ."

ಸಾಹೇಬರು ಬೆರಳು ಸಡಿಲಿಸಿದರು. ವಿಮಾನ ವಾಲುವುದನ್ನು ಬಿಟ್ಟು, ಗೆರೆ ಹಾಕಿದ ಕಾಗದದ ಮೇಲಿನ ಸಾಲಿನಂತೆ ನೆಟ್ಟಗೆ ಸಾಗಿತು. ಒಂದು ನಿಮಿಷ. ಎರಡು ನಿಮಿಷ. ಅವರ ಬಾಯಿಗೆ ಒಂದು ಉಪಮೆಯೂ ಬರಲಿಲ್ಲ.

ಕೆಳಗಿಳಿದ ಮೇಲೆ ಮುಖ್ಯ ತರಬೇತುದಾರಳು ಪೈಲಟಮ್ಮನ ಕೈ ಕುಲುಕಿದಳು. "ಒಂದನೇ ತಾರೀಖಿಂದ ಬನ್ನಿ. ಸಂಜೆ ಆರಕ್ಕೆ ಮನೆ."

"ಎಲ್ಲಾ ನನ್ನ ಬರವಣಿಗೆಯ ಮಹಿಮೆ," ಎಂದರು ಸಾಹೇಬರು, ವಿಮಾನದ ರೆಕ್ಕೆಯನ್ನು ಇನ್ನೂ ಬಿಡದೆ.

"ಖಂಡಿತ. ಅದಕ್ಕೇ ನೀವೂ ನಮಗೆ ಬೇಕು ಸಾರ್. ಇನ್ನು ಮುಂದೆ ಇಲ್ಲಿಗೆ ಕೆಲಸ ಕೇಳಿ ಬರೋ ಎಲ್ಲಾ ತರಬೇತುದಾರರಿಗೂ ನೀವೇ ವಿದ್ಯಾರ್ಥಿ. ನಿಮಗೆ ಪಾಠ ಮಾಡಿ ತಾಳ್ಮೆ ಉಳಿಸಿಕೊಂಡವರು ಯಾರಿಗಾದ್ರೂ ಕಲಿಸ್ತಾರೆ. ಫೈಲಿಗೆ ನಿಮ್ಮದೊಂದು ರೆಸ್ಯೂಮೆ ಕೊಟ್ಟುಬಿಡಿ. ಒಂದೇ ಪುಟ!"

ಆ ಸಂಜೆ ಮೂವರೂ ಊಟಕ್ಕೆ ಕೂತಿದ್ದರು. ತಟ್ಟೆಯ ಪಕ್ಕದಲ್ಲೇ ಕಾಗದವಿಟ್ಟುಕೊಂಡು ಮಗಳು ಬರೆದು ಮುಗಿಸಿದಳು. ಸಾಹೇಬರಿಗೆ ಪೆನ್ನು ಮುಟ್ಟುವ ಅಧಿಕಾರವಿರಲಿಲ್ಲ.

"ಓದ್ತೀನಿ ಕೇಳಿ. 'ಒಟ್ಟು ಹಾರಾಟ: ಇಪ್ಪತ್ತು ನಿಮಿಷ. ಅದರಲ್ಲಿ ಕಣ್ಣು ತೆರೆದದ್ದು: ಒಂಬತ್ತು. ವಿಶೇಷ ಅರ್ಹತೆ: ಇದುವರೆಗೆ ಯಾರು ಹೇಳಿದ್ದನ್ನೂ ಮೊದಲ ಸಲಕ್ಕೆ ಕೇಳಿದವರಲ್ಲ.'"

"ಅನ್ಯಾಯ! ಗಗನದ ಬಗ್ಗೆ ಒಂದೇ ಒಂದು ವಿಶೇಷಣ ಆದ್ರೂ..."

"ಬೇಡಾರೀ," ಎಂದಳು ಪೈಲಟಮ್ಮ. "ಇಷ್ಟೇ ಸಾಕು."

"ಒಂದೇ ಒಂದು ಕಣೇ! ಚಿಕ್ಕದು!"

ಮಗಳು ಪೆನ್ನೆತ್ತಿ, 'ಅರ್ಹತೆಗೆ ಪುರಾವೆ' ಎಂದು ಬರೆದು, ಅಪ್ಪ ಈಗಷ್ಟೇ ಆಡಿದ ಮಾತನ್ನು ಯಥಾವತ್ತಾಗಿ ಅದರ ಮುಂದೆ ಇಳಿಸಿದಳು.