ದೊರೆಸಾನಿ ಪಾತ್ರಕ್ಕೆ ಸುಮ

ಬೇರೆಯವರ ಹೆಂಡತಿಯರು ಗಂಡನನ್ನು ಪಕ್ಕದ ಮನೆಯವನಿಗೆ ಹೋಲಿಸುತ್ತಾರಂತೆ. ನನ್ನ ಹೆಂಡತಿ ಸುಮ ತನ್ನನ್ನೇ ಒಬ್ಬ ಇಂಗ್ಲಿಷ್ ನಟಿಗೆ ಹೋಲಿಸಿಕೊಳ್ಳುತ್ತಾಳೆ. ಯಾವುದು ಹೆಚ್ಚು ಕಷ್ಟ ಎಂದು ಅನುಭವಿಸಿದವರೇ ಹೇಳಬೇಕು. ಅಮೆರಿಕದ ನಾರ್ತ್‌ವಿಲ್‌ನ ನಮ್ಮ ಮನೆಯಲ್ಲಿ ಆ ನಟಿಯ ಜೀವನಚರಿತ್ರೆ ಉಪ್ಪಿನಕಾಯಿಯ ಹಾಗೆ ದಿನಾ ಊಟದ ಜೊತೆಗೇ ಬರುತ್ತದೆ. ಲಂಡನ್ನಿನ ನಾಟಕಗಳಲ್ಲಿ ಮೊದಲು ಗುಂಪಿನಲ್ಲೊಬ್ಬಳಾಗಿ ನಿಂತಳಂತೆ; ಆಮೇಲೆ ರಾಣಿಯ ಪಾತ್ರಗಳೆಲ್ಲ ಅವಳದೇ ಆದವಂತೆ; ಸಿನಿಮಾದವರು ಈ ಮುಖ ನಡೆಯೋದಿಲ್ಲ ಅಂದರಂತೆ; ಅರವತ್ತು ದಾಟಿದ ಮೇಲೆ ಅದೇ ಮುಖ ನೋಡಲು ಜನ ಟಿಕೆಟ್ಟಿಗೆ ಮುಗಿಬಿದ್ದರಂತೆ.

ಸುಮಳಿಗೆ ಮಾತ್ರ ಬಡ್ತಿಯೇ ಇಲ್ಲ. ನಮ್ಮ ಕನ್ನಡ ಸಂಘದ ನಾಟಕದಲ್ಲಿ ಪ್ರತಿವರ್ಷ ಅವಳಿಗೆ ಒಂದೇ ಪಾತ್ರ: ಒಂದು ದೃಶ್ಯದಲ್ಲಿ ಕೆಮ್ಮಿ, ಮುಂದಿನ ದೃಶ್ಯದಲ್ಲಿ ಸಾಯುವ ಅಮ್ಮ. “ಆಂಟಿ, ನಿಮ್ಮಷ್ಟು ಚೆನ್ನಾಗಿ ಯಾರೂ ಕೆಮ್ಮಲ್ಲ” ಎಂದು ಹುಡುಗರು ಬೇರೆ ಹೊಗಳುತ್ತಾರೆ. ಈ ಸಲ ನಾಟಕ ಮುಗಿಸಿ ಮನೆಗೆ ಬಂದವಳೇ ಶಾಲು ಬಿಸಾಕಿ ಅತ್ತುಬಿಟ್ಟಳು.

“ರೀ, ಕೊನೇವರೆಗೂ ಬದುಕಿರೋ ಪಾತ್ರ ಒಂದಾದ್ರೂ ಮಾಡ್ಬೇಕು ಕಣ್ರೀ. ಇಲ್ಲಿನ ಇಂಗ್ಲಿಷ್ ನಾಟಕದೋರಿಗೆ ಅಪ್ಲೈ ಮಾಡಿದೀನಿ. ದೊರೆಸಾನಿ ಪಾತ್ರ. ಶನಿವಾರ ಆಡಿಷನ್.”

“ಮೈಸೂರಿನವಳು ಇಂಗ್ಲಿಷ್ ದೊರೆಸಾನಿನಾ?”

“ಅವರು ನಮ್ಮನ್ನ ಆಳ್ಲಿಲ್ವಾ? ಒಂದು ಸಂಜೆ ನಾನು ಆಳ್ತೀನಿ!”

ನಿಜ ಹೇಳುತ್ತೇನೆ, ಅವಳು ಅಲ್ಲೂ ಇಲ್ಲ ಅನ್ನಿಸಿಕೊಳ್ಳುವುದನ್ನು ನೋಡುವ ಧೈರ್ಯ ನನಗಿರಲಿಲ್ಲ. ಆಡಿಷನ್ ದಿನ ಡ್ರೈವ್ ಮಾಡಿ ಕರೆದುಕೊಂಡು ಹೋಗಿ, ಕಾರಿನಲ್ಲೇ ಕೂತಿರುತ್ತೇನೆ ಅಂದೆ. ಹೊರಗೆ ಹತ್ತು ಡಿಗ್ರಿ ಫ್ಯಾರನ್‌ಹೀಟ್, ನೀರು ಹೆಪ್ಪುಗಟ್ಟುವಷ್ಟು. ಚಳಿಯೇ ನನ್ನನ್ನು ಒಳಕ್ಕೆ ಓಡಿಸಿತು. ಕಣ್ಣಿಗೆ ಬಿದ್ದ ಕೂಡಲೇ ನಿರ್ದೇಶಕ ನನ್ನ ಕೈಗೆ ಚಹಾದ ಟ್ರೇ ಕೊಟ್ಟು, ದೊರೆಸಾನಿಯ ಆಳಾಗಿ ನಿಲ್ಲಿಸಿದ. “ಎಸ್, ಮೇಡಂ” ಅನ್ನಬೇಕು, ಅಷ್ಟೇ.

ಸುಮ ಕತ್ತೆತ್ತಿ ನನ್ನ ಕಡೆ ತಿರುಗಿದಳು. ಅಯ್ಯೋ ದೇವರೇ, ಬೆಳಿಗ್ಗೆ ದೋಸೆ ಹಿಟ್ಟಿಗಾಗಿ ನನ್ನೊಡನೆ ಜಗಳ ಆಡಿದವಳು ಇವಳೇನಾ! ಇದ್ದ ಎರಡು ಪದವೂ ಮರೆತುಹೋಗಿ ಬಾಯಿ ಬಿಟ್ಟುಕೊಂಡು ನಿಂತೆ. ಅವಳು ಬರೀ ಕಣ್ಣಲ್ಲೇ ಟ್ರೇ ಇಡು ಅಂದಳು. ಇಟ್ಟೆ.

ಪಾತ್ರ ಅವಳಿಗೇ ಸಿಕ್ಕಿತು. ನನಗೆ ಹೆಮ್ಮೆಯಿಂದ ಕಣ್ಣು ತುಂಬಿ ಬಂತು. ನಿರ್ದೇಶಕ ನನ್ನ ಬೆನ್ನೂ ತಟ್ಟಿ, ಆಳಿನ ಪಾತ್ರ ನಿನ್ನದೇ, ಇಷ್ಟು ಸಹಜವಾಗಿ ಹೆದರುವವನನ್ನು ನಾನು ಕಂಡೇ ಇಲ್ಲ, ಅಭಿನಯ ಎಲ್ಲಿ ಕಲಿತೆ ಎಂದು ಕೇಳಿದ. ಅಷ್ಟರಲ್ಲಿ ಸುಮ ತನ್ನ ಕೋಟು, ಬ್ಯಾಗು ಎರಡನ್ನೂ ನನ್ನ ಕೈಗೆ ಕೊಟ್ಟು ಮುಂದೆ ನಡೆದಿದ್ದಳು.