ಬೀಗರೂಟಕ್ಕೆ ಹಿಡಿದ ಜರಡಿ

ಮಗಳ ಮದುವೆ ಮುಗಿಯಿತು, ಬೀಗರೂಟ ಉಳಿಯಿತು. ನಮ್ಮ ಮಳವಳ್ಳಿ ಕಡೆ ಬೀಗರೂಟವೆಂದರೆ ಬಾಡೂಟ. ಸೋದರಮಾವ ಬಂದು ಎಲೆಯ ಮುಂದೆ ಕೂರದೆ ಮಿಕ್ಕವರು ತುತ್ತೆತ್ತುವುದಿಲ್ಲ. ನೆಂಟರನ್ನು ಕರೆಯುವ ಭಾರವನ್ನು ಕಂಪ್ಯೂಟರ್ ಮೇಷ್ಟರಾದ ನಾನು ಯಾರೂ ಕೇಳದಿದ್ದರೂ ಹೊತ್ತುಕೊಂಡೆ.

ನೆಂಟರ ವಿವರವನ್ನೆಲ್ಲ ಒಂದು ಎಕ್ಸ್‌ಎಂಎಲ್ ಫೈಲಿನಲ್ಲಿ ತುಂಬಿಟ್ಟಿದ್ದೆ. ಅದೊಂದು ವಠಾರವಿದ್ದಂತೆ. ಊರಿನೊಳಗೆ ಮನೆ, ಮನೆಯೊಳಗೆ ಜನ, ಪ್ರತಿಯೊಬ್ಬರ ಪಕ್ಕದಲ್ಲೂ ಬಾಡು ತಿನ್ನುವರೋ ಇಲ್ಲವೋ ಎಂಬ ಗುರುತು. ತಿನ್ನದವರನ್ನು ಕರೆದು ಮುಜುಗರಪಡಿಸುವುದೇಕೆ? ತಿನ್ನುವ ಮನೆಗಳಿಗೆ ಕರೆ, ಉಳಿದವರಿಗೆ 'ಮದುವೆಗೆ ಬಂದದ್ದಕ್ಕೆ ವಂದನೆ' ಎಂದು ಮೊಬೈಲಿಗೆ ಸಂದೇಶ ಕಳಿಸುವ ಕೋಡ್ ಬರೆದೆ. ಒಬ್ಬೊಬ್ಬರನ್ನೇ ಹುಡುಕುತ್ತ ಕೂತರೆ ಅದೆಂಥ ದಕ್ಷತೆ? ಮನೆಯ ಮೊದಲ ಹೆಸರು ನೋಡು, ತಿನ್ನದವರಾದರೆ ಆ ಮನೆಯನ್ನೇ ಹಾರಿ ಮುಂದೆ ನಡೆ ಎಂದು ಅಪ್ಪಣೆ ಕೊಟ್ಟೆ. ರೆಪ್ಪೆ ಬಡಿಯುವಷ್ಟರಲ್ಲಿ ಮುಗಿಯಿತು. ಇಷ್ಟು ಬೇಗ ಹೇಗಾಯಿತೆಂದು ನನಗೇ ಕುತೂಹಲ. ಅಷ್ಟರಲ್ಲಿ ಹೆಮ್ಮೆ ಬಂದು ಕುತೂಹಲವನ್ನು ನುಂಗಿತು.

"ಎಲ್ರುಗೂ ಓಯ್ತಾ?" ಎಂದಳು ಹೆಂಡತಿ ಸಾವಿತ್ರಿ.

"ಓಯ್ತು. ನೀನು ಫೋನ್ ಇಡ್ಕಂಡು ಕೂತಿದ್ರೆ ಸಂಜೆ ಆಗೋದು."

ಊಟದ ದಿನ ಷಾಮಿಯಾನದ ತುಂಬ ಕುರ್ಚಿ, ಕುರ್ಚಿಯ ತುಂಬ ಗಾಳಿ. ಬೀಗರ ಕಡೆಯವರೆಲ್ಲ ಬಂದಿದ್ದರು. ನಮ್ಮ ಕಡೆಯಿಂದ ಬೇರೆ ಸಂಸಾರ ಹೂಡಿದ ಎಳೆ ಜೋಡಿಗಳು ಮಾತ್ರ.

"ಅಣ್ಣಯ್ಯ ಎಲ್ಲಿ?" ಎಂದಳು ಸಾವಿತ್ರಿ. ಹಲಗೂರಿನಲ್ಲಿರುವ ಅವಳಣ್ಣನೇ ಆ ಸೋದರಮಾವ. ಫೋನ್ ಮಾಡಿದೆ.

"ನೀವು ವಂದನೆ ಕಳ್ಸಿದ್ರಿ ಭಾವ. ನಮ್ದೂ ವಂದನೆ ಅಂತ ಸುಮ್ಕಾದೊ."

ಲ್ಯಾಪ್‌ಟಾಪ್ ತೆರೆದು ನೋಡಿದೆ. ನಮ್ಮ ಸಂಪ್ರದಾಯದಂತೆ ಪ್ರತಿ ಮನೆಯಲ್ಲೂ ಹಿರಿಯರ ಹೆಸರನ್ನೇ ಮೊದಲು ಬರೆದಿದ್ದೆ. ಹಿರಿಯರೋ, ದೇವರಿಗೆ ಹರಕೆ ಹೊತ್ತು ಬಾಡು ಬಿಟ್ಟವರು. ನನ್ನ ಕೋಡ್ ಅವರಿಗೆ ಕೈಮುಗಿದು ಹೊಸ್ತಿಲಲ್ಲೇ ಹಿಂದಿರುಗಿತ್ತು. ಒಳಗಿದ್ದ ಮೂಳೆ ಕಡಿಯುವ ಮಹಾವೀರರನ್ನು ಅದು ನೋಡಿರಲೇ ಇಲ್ಲ!

ಸ್ಕೂಟರ್ ಹತ್ತಿ ಹಲಗೂರಿಗೆ ಓಡಿದೆ. ಭಾವನಿಗೆ ಎಲ್ಲವನ್ನೂ ವಿವರಿಸಿದೆ. ಅವರ ಮುಖ ಸಡಿಲವಾಗಲಿಲ್ಲ. ಜಗಲಿಯಲ್ಲಿ ಕೂತಿದ್ದ ಅತ್ತೆ ಕೇಳಿದರು:

"ನನ್ನೆಸ್ರು ನೋಡಿ ವಾಪಸ್ ಬಂದ್ಬುಡ್ತಾ?"

"ಊಂ, ಅತ್ತೆ."

"ನಾನು ಬಾಡು ಬುಟ್ಟಿವ್ನಿ ಕಣಪ್ಪ, ನೆಂಟ್ರುನ್ನ ಬುಟ್ಟಿಲ್ಲ."

ಭಾವ ನಕ್ಕುಬಿಟ್ಟರು. ಟವೆಲ್ ಹೆಗಲಿಗೇರಿತು. "ನಡೀರಿ, ಸಾರು ಆರೋಯ್ತದೆ. ಅವ್ವ, ನೀನೂ ಕಾರತ್ತು."

ನಾವು ಮಳವಳ್ಳಿ ಮುಟ್ಟುವಷ್ಟರಲ್ಲಿ ಸಾವಿತ್ರಿ ಮಿಕ್ಕ ಮನೆಗಳಿಗೆಲ್ಲ ಫೋನ್ ಮಾಡಿದ್ದಳು. ಸಂಜೆಯೇನೂ ಆಗಿರಲಿಲ್ಲ. ಹತ್ತಿರದ ಮನೆಗಳವರು ಆಗಲೇ ಬಂದಿಳಿಯುತ್ತಿದ್ದರು, ಹಿರಿಯರೂ ಜೊತೆಗೆ. ಆದರೆ ಹಿರಿಯರಿಗೆಂದು ಒಲೆಯ ಮೇಲೆ ಏನೂ ಇರಲಿಲ್ಲ. ಅವರ್‍ಯಾರೂ ಬರುವುದಿಲ್ಲವೆಂದು ಅಡುಗೆಯವರಿಗೆ ಖಚಿತವಾಗಿ ಹೇಳಿದ್ದವನು ನಾನೇ.

ಸಾವಿತ್ರಿ ಸೊಪ್ಪಿನ ಕಂತೆಗಳನ್ನು ತಂದು ನನ್ನ ಮುಂದೆ ಸುರಿದಳು. "ಬುಡಿಸಿ. ಮೊದ್ಲೆಲೆ ಉಳ ತಿಂದದೆ ಅಂತ ಕಂತೇನೇ ಎಸೀಬ್ಯಾಡಿ."

ಪಂಕ್ತಿಯಲ್ಲಿ ಸೋದರಮಾವ ಮೊದಲ ಮೂಳೆ ಕಡಿದರು. ದಕ್ಷತೆಯ ಹರಿಕಾರನಾದ ನಾನು ಹಿತ್ತಲಲ್ಲಿ ಕೂತು ಒಂದೊಂದೇ ಎಲೆಯನ್ನು ಮಗುಚಿ ನೋಡುತ್ತಿದ್ದೆ.