ಹಳೇ ಲ್ಯಾಪ್‌ಟಾಪಿಗೆ ಫಾಸ್ಟ್ ರ‍್ಯಾಮು

ನಮ್ಮ ಮನೆಗೆ ಹೊಸ ವಸ್ತು ಏನೇ ಬರಲಿ, ಅದರ ಬೆನ್ನಿಗೇ ಒಂದು ಪೇಚಾಟವೂ ಹೊಸ್ತಿಲು ದಾಟಿ ಬರುತ್ತದೆ. ಈ ಸಲ ಬಂದದ್ದು ಬೆರಳುದ್ದದ ಒಂದು ಹಸಿರು ಪಟ್ಟಿ.

೧. ಹಾಸನದ ಅಂಗಡಿ

ಸೊಸೆಗೆ ಟೀಚರ್ ಕೆಲಸ ಬೇಕಿತ್ತು. ಅರಕಲಗೂಡಿನ ಒಂದು ಶಾಲೆಯವರು ವಿಡಿಯೋದಲ್ಲಿ ಇಂಟರ್‌ವ್ಯೂ ಮಾಡುವಾಗ ನಮ್ಮ ಹಳೇ ಲ್ಯಾಪ್‌ಟಾಪು ನಡುವೆಯೇ ನಿಂತುಬಿಟ್ಟಿತು. ಅವರಿಗೆ ಕಡೆಗೆ ಕಂಡದ್ದು ಬಾಯಿ ತೆರೆದು ಕೂತ ನಮ್ಮ ಸೊಸೆ. ಕೆಲಸ ಕೈತಪ್ಪಿತು. ಈಗ ಚನ್ನರಾಯಪಟ್ಟಣದ ಶಾಲೆಯೊಂದರಿಂದ ಕರೆ ಬಂದಿತ್ತು, ಅದೂ ವಿಡಿಯೋದಲ್ಲೇ. ಆ ಇಂಟರ್‌ವ್ಯೂ ಹಿಂದಿನ ದಿನ ನಾನು ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ಹೊಳೆನರಸೀಪುರದಲ್ಲಿ ಹಾಸನದ ಬಸ್ಸು ಹತ್ತಿದೆ.

ಅಂಗಡಿಯವನು ಹಿಂಬದಿ ಬಿಚ್ಚಿ ನೋಡಿದ. “ರ‍್ಯಾಮ್ ಸಾಲ್ದು ಸಾ, ಇನ್ನೊಂದು ಹಾಕ್ಬೇಕು. ಇದೇ ಸ್ಪೀಡಿಂದು ನಮ್ಮತ್ರ ಇಲ್ಲ. ಇದ್ಕಿಂತ ಫಾಸ್ಟಾಗಿರೋದೈತೆ, ನಡೀತೈತೆ” ಎಂದು ಆ ಹಸಿರು ಪಟ್ಟಿ ತೋರಿಸಿದ.

“ವಯಸ್ಸಾದ ಯಂತ್ರ ಕಣಪ್ಪ. ಅಷ್ಟು ಜೋರಿನದ್ದು ಹಾಕಿದರೆ ತಡ್ಕೊಳ್ಳುತ್ತಾ? ಬಿಸಿಯಾಗಿ, ಹೊಗೆ ಬಂದು…”

ಅವನು ನನ್ನ ಹಣೆಯ ಬೆವರು ನೋಡಿ ಸ್ಟೂಲು ಎಳೆದ. “ಅದು ತಡ್ಕೊತೈತೆ ಸಾ. ನೀವು ಮೊದ್ಲು ಕೂತ್ಕಂಡು ನೀರು ಕುಡೀರಿ.”

೨. ದೇವರ ಮನೆ

ಅಲ್ಲೇ ಹಾಕಿಸಲು ಮನಸ್ಸು ಒಪ್ಪಲಿಲ್ಲ. ಹೊಸದನ್ನು ದೇವರ ಮುಂದಿಡದೆ ಬಳಸುವ ರೂಢಿ ನಮ್ಮಲ್ಲಿಲ್ಲ. ಕೂರಿಸುವುದು ಹೇಗೆಂದು ಅವನಿಂದ ಕಲಿತು, ಮನೆಗೆ ತಂದು, ಕೈಕಾಲು ತೊಳೆದು, ದೀಪ ಹಚ್ಚಿದೆ. ಪಟ್ಟಿಯ ಅಂಚಿನಲ್ಲಿ ಚಿನ್ನದ ಬಣ್ಣದ ಗೀರುಗಳ ಸಾಲು. ಬೊಟ್ಟಿಡಲೆಂದೇ ಬಿಟ್ಟ ಜಾಗದಂತೆ ಕಂಡಿತು. ಅರಿಸಿನ ಕುಂಕುಮ ಏರಿಸಿ, ಕೈಮುಗಿದು, ನಾನೇ ಕೂರಿಸಿದೆ.

ಸೊಸೆ ಸ್ವಿಚ್ ಒತ್ತಿದಳು. ಪರದೆ ಕಪ್ಪು. ಮತ್ತೆ ಒತ್ತಿದಳು. ಕಪ್ಪೇ. ಅವಳ ಕಣ್ಣು ತುಂಬಿ ಬಂತು. ಹಿಂಬದಿ ಬಿಚ್ಚಿ ಪಟ್ಟಿ ತೆಗೆದವಳು ಬೆರಳು ನೋಡಿಕೊಂಡಳು. “ಮಾವ… ಇದೇನು ಕುಂಕುಮ?”

ಅಂಗಡಿಯವನಿಗೆ ಫೋನ್ ಮಾಡಿ ವಿಷಯ ಹೇಳಿದೆ. “ಆ ಚಿನ್ನದ ಗೀರಿನಾಗೇ ಕರೆಂಟು ಹರಿಯೋದು ಸಾ! ಪೆನ್ಸಿಲ್ ಅಳಿಸೋ ರಬ್ಬರ್‌ನಾಗೆ ಮೆತ್ತಗೆ ಉಜ್ಜಿ. ಕೂರಿಸೋ ಜಾಗಕ್ಕೆ ಒಣ ಬ್ರಷ್ ಆಡ್ಸಿ. ಗಂಧಾನೂ ಇಟ್ರಾ ಸಾ?”

“ಇಲ್ಲಪ್ಪ, ಇವತ್ತು ತೇಯ್ದಿರಲಿಲ್ಲ.”

“ದೇವ್ರು ದೊಡ್ಡೋನು ಸಾ!”

೩. ಮಾರನೆಯ ದಿನ

ಉಜ್ಜಿ ಹಾಕಿದ ಮೇಲೆ ಪರದೆ ಬೆಳಗಿತು. ಇಂಟರ್‌ವ್ಯೂ ಮುಗಿಯುವವರೆಗೂ ನಾನು ದೇವರ ಮನೆಯಿಂದ ಎದ್ದಿರಲಿಲ್ಲ. ಚಿತ್ರ ನಿಲ್ಲಲಿಲ್ಲ, ಮಾತು ಕಡಿಯಲಿಲ್ಲ. “ಸೋಮವಾರದಿಂದಲೇ ಬನ್ನಿ” ಅಂದರಂತೆ. ಮನೆಯೆಲ್ಲ ಹಗುರಾಯಿತು.

ಸುದ್ದಿ ತಿಳಿಸಲು ಅಂಗಡಿಯವನಿಗೆ ಫೋನ್ ಮಾಡಿ, ಸ್ಪೀಕರ್‌ಗೆ ಹಾಕಿ, “ಹೊಸದು ಬಹಳ ಫಾಸ್ಟಪ್ಪ” ಎಂದೆ.

“ಇಲ್ಲ ಸಾ, ಒಂದಿದ್ದಿದ್ದು ಎರಡಾಯ್ತಲ್ಲ, ಅದ್ಕೇ ನಿಲ್ತಿಲ್ಲ. ಹೊಸದ್ರ ಸ್ಪೀಡೆಲ್ಲ ಅಲ್ಲಿ ನಡಿಯಾಕಿಲ್ಲ. ಹಳೇ ಲ್ಯಾಪ್‌ಟಾಪು ಎಷ್ಟು ಬಿಡ್ತೈತೋ ಅಷ್ಟೇ ಓಡೋದು. ನಾಕು ದಿನಕ್ಕೆ ಹೊಸದೂ ಅದ್ಕೇ ಒಗ್ಗಿಹೋಯ್ತದೆ.”

ಹುರುಳಿಕಾಯಿ ಬಿಡಿಸುತ್ತಿದ್ದ ನಮ್ಮ ಮನೆಯವಳು ತಲೆ ಎತ್ತದೆಯೇ ಹೇಳಿದಳು: “ಇದನ್ನ ಕೇಳೋಕೆ ಹಾಸನಕ್ಕೆ ಫೋನ್ ಮಾಡಬೇಕಿತ್ತೇನ್ರೀ? ಈ ಮನೆಗೆ ಬಂದಾಗ ನಾನೂ ಫಾಸ್ಟಾಗೇ ಇದ್ದೆ.”